ಮೊದಲ ಡಿಸ್ಕಿನ ಪಡಿಯಚ್ಚು

ಕಂಪ್ಯೂಟರಿಗೆ ಸಿ.ಡಿ. ಹೊಸದಾಗಿ ಬಂದಿದ್ದ ಕಾಲದಲ್ಲಿ, ಸದಾಶಿವ ಪೇಠಿನ ಒಂದು ಹಳೆಯ ವಾಡೆಯ ಮಾಳಿಗೆಯ ಮೇಲೆ ನಾವು ಕೆಲವರು ಸೇರಿ ಒಂದು ಆಟ ಮಾಡಿದೆವು. ನಾನು ಧಾರವಾಡದಿಂದ ಬಂದು ಪುಣೆಯಲ್ಲಿ ಕೆಲಸ ಹುಡುಕುತ್ತಿದ್ದ ಹುಡುಗ. ಧ್ವನಿ ಹಿಡಿಯುವುದು, ಕತ್ತರಿಸುವುದು, ಜೋಡಿಸುವುದು ಅಷ್ಟಿಷ್ಟು ಬರುತ್ತಿತ್ತು. ಮಾಲೀಕರು ಅದೇ ಪೇಠಿನ ಮರಾಠಿಯವರು. ಕೆಳಗಡೆ ಗಣಿತದ ಕ್ಲಾಸು ನಡೆಯುತ್ತಿತ್ತು, ಮೇಲೆ ನಾವು. ಆಟದಲ್ಲಿ ಒಂದು ಹಾಳು ಕೋಟೆ. ಆಡುವವರು ಅದರೊಳಗೆ ದಾರಿ ಹುಡುಕಿ, ಬಾಗಿಲುಗಳನ್ನು ತೆರೆದು, ಕೊನೆಗೆ ಒಂದು ಬತ್ತಿದ ಬಾವಿಯ ತಳದಿಂದ ಹೊರಗೆ ಬರಬೇಕು. ಹೊರದೇಶದ ಒಬ್ಬ ವಿತರಕರು ಕೊಳ್ಳುತ್ತೇವೆ ಎಂದಿದ್ದರಿಂದ ಆಟದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು.

ಕೋಟೆಯ ಚಿತ್ರಗಳನ್ನೆಲ್ಲ ಕೈಯಿಂದ ಬರೆದವರು ಬೆಳಗಾವಿ ಕಡೆಯ ಒಬ್ಬ ಹೆಂಗಸು. ನನಗಿಂತ ಏಳೆಂಟು ವರ್ಷ ದೊಡ್ಡವರು. ಆ ಮಾಳಿಗೆಯಲ್ಲಿ ಕನ್ನಡದವರು ನಾವಿಬ್ಬರೇ. ಮೊದಲ ದಿನವೇ ಅವರು ನನಗೆ ತಮ್ಮ ಎಂದರು, ನಾನು ಅಕ್ಕ ಎಂದೆ. ಬಿಬವೇವಾಡಿಯಲ್ಲಿ ಅವರ ಮನೆ. ಯಜಮಾನರು ಮಾರ್ಕೆಟ್ ಯಾರ್ಡಿನ ಸಾಗಣೆ ಕಚೇರಿಯೊಂದರಲ್ಲಿ ಗುಮಾಸ್ತರು. ಒಬ್ಬಳೇ ಮಗಳು.

ಮೇ ತಿಂಗಳ ರಜೆಯಲ್ಲಿ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಕ್ಕ ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಆಗ ಅದಕ್ಕೆ ಎಂಟರ ಆಸುಪಾಸು. ತಾಯಿಯ ಮೇಜಿನ ಕೆಳಗೆ ಕೂತು ಹಾಳೆಗೆ ಬಣ್ಣ ಹಚ್ಚುತ್ತ, ವಾಡೆಯ ಬೆಕ್ಕಿಗೆ ಇಂಗ್ಲಿಷ್ ಶಾಲೆಯ ಪಾಠ ಒಪ್ಪಿಸುತ್ತ ಇರುತ್ತಿತ್ತು. ಆಟದಲ್ಲಿ ಬಾವಿಕಟ್ಟೆಯ ಮೇಲೆ ಕೂತ ಒಬ್ಬ ಹುಡುಗಿ ಬರುತ್ತಾಳೆ. ದಾರಿ ತಪ್ಪಿದವರಿಗೆ ಸುಳಿವು ಹೇಳುವವಳು ಅವಳೇ. ಅವಳಿಗೆ ದನಿ ಯಾರಿಂದ ಕೊಡಿಸಬೇಕು ಎಂಬ ಚಿಂತೆಯಲ್ಲಿದ್ದ ಮಾಲೀಕರು ಒಂದು ದಿನ ಮೆಟ್ಟಿಲ ಮೇಲೆ ನಿಂತು, ಈ ಮಗು ಬೆಕ್ಕಿನ ಜತೆ ಮಾತಾಡುವುದನ್ನು ಕೇಳಿದರು. ‘ಹೀ ಚಾಲೇಲ್’ ಅಂದರು. ಇವಳು ನಡೆದಾಳು ಎಂದು.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪೇಠಿನ ಅಂಗಡಿಗಳು ಬಾಗಿಲು ಹಾಕುತ್ತವೆ, ರಿಕ್ಷಾಗಳ ಗದ್ದಲವೂ ಇಳಿಯುತ್ತದೆ. ನಾವು ದನಿ ಹಿಡಿಯುತ್ತಿದ್ದುದು ಆ ಹೊತ್ತಿನಲ್ಲಿ. ಕಾಗದದ ಕಟ್ಟುಗಳನ್ನು ಇಡುತ್ತಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಅಕ್ಕ ಮನೆಯಿಂದ ತಂದ ಕೌದಿಗಳನ್ನು ನಾಲ್ಕೂ ಗೋಡೆಗೆ ತೂಗುಹಾಕಿದ್ದೆವು. ಫ್ಯಾನ್ ಹಾಕಿದರೆ ಸದ್ದು ಬರುತ್ತಿತ್ತು, ಅದಕ್ಕೇ ಬಂದ್. ಒಳಗೆ ತಾಯಿ, ಮಗಳು. ಹೊರಗೆ ಯಂತ್ರದ ಮುಂದೆ ನಾನು. ಮಾಲೀಕರು ಬಾಗಿಲ ಬಳಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಲ್ಲುತ್ತಿದ್ದರು. ಅವರು ಬಾಗಿಲು ತಟ್ಟಿದರೆ ‘ಸರಿಯಾಗಲಿಲ್ಲ, ಮತ್ತೊಮ್ಮೆ’ ಎಂದು ಅರ್ಥ. ಹಾಗೆ ಒಂದು ವಾರ ನಡೆಯಿತು. ಕೊನೆಗೆ ಆಟದಲ್ಲಿ ಉಳಿದದ್ದು ಕೆಲವೇ ಮಾತುಗಳು. ‘ಆ ಬಾಗಿಲು ಬೇಡ’, ‘ಬಾವಿಯೊಳಗೆ ನೀರಿಲ್ಲ, ಇಳಿ’ ಅನ್ನುವಂಥವು, ಇಂಗ್ಲಿಷಿನಲ್ಲಿ. ಆ ಮಗು ಅವನ್ನು ಚೆನ್ನಾಗಿ ಹೇಳಿತ್ತು. ಆಡಿ ನೋಡಿದವರೆಲ್ಲ ಆ ಹುಡುಗಿಯ ಬಗ್ಗೆಯೇ ಕೇಳುತ್ತಿದ್ದರು.

ಮೊದಲ ಡಿಸ್ಕು ಇಲ್ಲಿಯೇ ಮಾರುವುದಕ್ಕೆಂದು ಸ್ವಲ್ಪ ಮಾತ್ರ ಅಚ್ಚಾಯಿತು. ಹೊರದೇಶಕ್ಕೆ ಕಳಿಸುವ ಎರಡನೆಯ ಡಿಸ್ಕಿನ ಹೊತ್ತಿಗೆ ವಿತರಕರು ಮಗುವಿನ ಉಚ್ಚಾರ ತಮ್ಮವರಿಗೆ ತಿಳಿಯುವುದಿಲ್ಲ ಎಂದು ಹೇಳಿ, ಅಲ್ಲಿಯ ಒಬ್ಬಳಿಂದ ಅದೇ ಮಾತುಗಳನ್ನು ಹೇಳಿಸಿ ಕಳಿಸಿದರು. ದನಿ ಬದಲಾಯಿಸಿ ಕೂರಿಸುವ ಕೆಲಸ ನನಗೇ ಬಂತು. ಆ ಡಿಸ್ಕು ಬಂದ ದಿನ ಮಗು ಶಾಲೆಯಿಂದ ನೇರ ಬಂದು ಹಾಕಿ ನೋಡಿತು. ತನ್ನ ದನಿ ಯಾಕೆ ತೆಗೆದರು ಎಂದು ತಾಯಿಯನ್ನು ಕೇಳಿತು. ಅಕ್ಕ ಏನೋ ಸಮಾಧಾನ ಹೇಳಿದರು. ಆಟ ಅಲ್ಲಿ ಅಷ್ಟಕ್ಕಷ್ಟೇ ಹೋಯಿತು. ಕೆಲವು ತಿಂಗಳಲ್ಲಿ ನಮ್ಮ ಮಾಳಿಗೆಯ ಬಾಗಿಲು ಮುಚ್ಚಿತು, ನಾವೆಲ್ಲ ಬೇರೆ ಬೇರೆ ಕಡೆ ಕೆಲಸ ಹಿಡಿದೆವು.

ಮಗು ಐದನೆಯ ಇಯತ್ತೆಯಲ್ಲಿದ್ದಾಗ, ಮಳೆಗಾಲ ಮುಗಿಯುವ ಸಮಯಕ್ಕೆ ಡೆಂಗಿ ಜ್ವರ ಬಂತು. ಮೊದಲು ಸಾದಾ ಜ್ವರವೆಂದರು, ಆಮೇಲೆ ಆಸ್ಪತ್ರೆಗೆ ಸೇರಿಸಿದರು. ರಕ್ತ ಬೇಕಾಗಿದೆ ಎಂದು ನಮಗೆಲ್ಲ ಫೋನ್ ಬಂದು, ಹಳೆಯ ಮಾಳಿಗೆಯ ಮೂವರು ಹೋಗಿ ಸಾಲಿನಲ್ಲಿ ನಿಂತೆವು. ನನ್ನ ಸರದಿ ಬರುವುದಕ್ಕೆ ಮೊದಲೇ ಅಕ್ಕನ ಯಜಮಾನರು ಕೆಳಗೆ ಇಳಿದು ಬಂದರು. ನಮ್ಮನ್ನು ನೋಡಿ, ‘ಇನ್ನ ಬ್ಯಾಡ್ರಿ, ಮನಿಗೆ ಹೋಗ್ರಿ’ ಎಂದರು. ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ, ರಕ್ತ ಬೇರೆ ಕಡೆ ಸಿಕ್ಕಿರಬೇಕೆಂದು ನನ್ನ ಪಕ್ಕದಲ್ಲಿದ್ದ ಗೆಳೆಯ ತಿಳಿದುಕೊಂಡ.

ಅಕ್ಕ ಮತ್ತೆ ಕುಂಚ ಹಿಡಿಯಲಿಲ್ಲ. ವರ್ಷಕ್ಕೊಂದೆರಡು ಸಲ ನಾನು ಬಿಬವೇವಾಡಿಗೆ ಹೋಗಿ ಬರುತ್ತಿದ್ದೆ. ಚಹಾ ಕುಡಿದು, ಊರ ಕಡೆಯ ಮಾತಾಡಿ ಏಳುತ್ತಿದ್ದೆ. ಮಗಳ ಮಾತು ಬರುತ್ತಿದ್ದುದು ಅಪರೂಪ. ಒಮ್ಮೆ ಮಾತ್ರ ಅಕ್ಕ ತಾನಾಗಿ ಹೇಳಿದರು. ಮಗಳ ದನಿ ಇದ್ದದ್ದು ಎರಡೇ ಕಡೆ. ಹುಟ್ಟುಹಬ್ಬದ ದಿನ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಒಂದು ಕ್ಯಾಸೆಟ್ಟು, ಮತ್ತೆ ನಮ್ಮ ಮೊದಲ ಡಿಸ್ಕು. ಕ್ಯಾಸೆಟ್ಟಿಗೆ ಬೂಸು ಹಿಡಿದು, ಹಾಕಿದಾಗ ಯಂತ್ರ ಅದನ್ನು ನುಂಗಿಬಿಟ್ಟಿತು. ಡಿಸ್ಕನ್ನು ಯಜಮಾನರು ಗೊತ್ತಿಲ್ಲದೆ ಬೇರೆ ಹಳೆಯ ಸಿ.ಡಿ.ಗಳ ಜೊತೆ ದಾರ ಪೋಣಿಸಿ, ಪಾರಿವಾಳ ಬರದಿರಲಿ ಎಂದು ರಸ್ತೆ ಕಡೆಯ ಗ್ಯಾಲರಿಗೆ ಕಟ್ಟಿದ್ದರು. ಅಕ್ಕ ನೋಡುವಷ್ಟರಲ್ಲಿ ಒಂದು ಬೇಸಿಗೆ ಕಳೆದಿತ್ತು. ಬಿಸಿಲಿಗೆ ಅದರ ಬೆಳ್ಳಿ ಪದರು ಚಕ್ಕೆ ಎದ್ದು ಹೋಗಿತ್ತು. ನನ್ನ ಹತ್ತಿರವಿದ್ದ ಡಿಸ್ಕು ಮನೆ ಬದಲಾಯಿಸುವಾಗ ಎಲ್ಲೋ ಕಳೆದಿತ್ತು. ಮಾಲೀಕರು ತೀರಿಕೊಂಡ ಮೇಲೆ ವಾಡೆ ಕೆಡವಿ ಕಟ್ಟಡ ಎಬ್ಬಿಸಿದರು. ಮೂಲ ಪ್ರತಿಗಳಿದ್ದ ಪೆಟ್ಟಿಗೆಗಳು ಕೈಗಾಡಿಯ ಗುಜರಿಯವನ ಪಾಲಾದವು.

ಇದೆಲ್ಲ ಆಗಿ ಬಹಳ ವರ್ಷಗಳ ಮೇಲೆ, ಈಗ್ಗೆ ಕೆಲವು ವರ್ಷದ ಕೆಳಗೆ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಕೋಥರೂಡಿನ ಮನೆಯಲ್ಲಿ ಕಂಪ್ಯೂಟರ್ ನೋಡುತ್ತ ಕೂತಿದ್ದೆ. ಹಳೆಯ ಆಟಗಳನ್ನು ಈಗಿನ ಯಂತ್ರಗಳಲ್ಲಿ ನಡೆಯುವ ಹಾಗೆ ಮಾಡಿ ಮತ್ತೆ ಮಾರುವ ಅಂತರ್ಜಾಲದ ಅಂಗಡಿಗಳಿವೆ. ಅಂಥ ಒಂದು ಸಣ್ಣ ಅಂಗಡಿಯ ಹೊಸ ಪಟ್ಟಿಯಲ್ಲಿ ನಮ್ಮ ಕೋಟೆ ಕಾಣಿಸಿತು. ಅಕ್ಕ ಬರೆದ ಹೆಬ್ಬಾಗಿಲು, ಅದರ ಮೇಲೆ ಅದೇ ಹಳದಿ ಬಿಸಿಲು. ನಾನು ಕೊಂಡು, ಇಳಿಸಿಕೊಂಡು, ಆಡಿ ನೋಡುವ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ಅದು ಅವಸರವಾಯಿತು.

ಅವರು ಆ ದಿನ ಮಧ್ಯಾಹ್ನವೇ ಬಸ್ಸು ಹಿಡಿದು ಒಬ್ಬರೇ ಬಂದರು. ಆಗಲೇ ಅರವತ್ತು ದಾಟಿತ್ತು. ಮೊಣಕಾಲು ನೋವಿದ್ದರೂ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಬಂದಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ. ನಾನು ಆಟ ಶುರು ಮಾಡಿ ಕೋಟೆಯೊಳಗೆ ನಡೆಸುತ್ತ ಹೋದೆ. ತಾವೇ ಬರೆದ ಕಂಬಗಳು, ಮೆಟ್ಟಿಲುಗಳು, ಒಂದನ್ನೂ ಅವರು ನೋಡಲಿಲ್ಲ; ಬಾವಿ ಎಲ್ಲಿ ಎಂದು ಮಾತ್ರ ಕೇಳುತ್ತಿದ್ದರು. ಬಾವಿ ಬಂತು. ಕಟ್ಟೆಯ ಮೇಲಿನ ಹುಡುಗಿ ತಿರುಗಿ ನೋಡಿ ಬಾಯಿ ತೆರೆದಳು. ಬಂದದ್ದು ಹೊರದೇಶದ ಹುಡುಗಿಯ ದನಿ.

ಅಕ್ಕ ಪರದೆಯನ್ನು ನೋಡುತ್ತಲೇ ಇದ್ದರು. ನಾನು ಇನ್ನೊಂದು ಸಲ ಒತ್ತಿದೆ, ಮತ್ತೆ ಅದೇ ದನಿ.

‘ಇದು ನಮ್ಮಾಕಿ ಅಲ್ಲ ತಮ್ಮಾ,’ ಅಂದರು.

ನಾನು ವಿವರಿಸಿದೆ. ಹೀಗೆ ಮರುಮಾರಾಟಕ್ಕೆ ಇಡುವಾಗ ಅನೇಕ ಸಲ ಆಟದ ಜೊತೆ ಹಳೆಯ ಡಿಸ್ಕಿನ ಪಡಿಯಚ್ಚನ್ನೇ ಒಂದು ದೊಡ್ಡ ಕಡತವಾಗಿ ಇಟ್ಟಿರುತ್ತಾರೆ. ಡಿಸ್ಕ್ ಇಮೇಜ್ ಎನ್ನುತ್ತಾರೆ, ಆದರೆ ಅದು ಚಿತ್ರವಲ್ಲ. ಡಿಸ್ಕಿನ ಮೇಲೆ ಏನೇನಿತ್ತೋ ಅದೆಲ್ಲದರ ನಕಲು. ಆಟ ಅದನ್ನೇ ನಿಜವಾದ ಡಿಸ್ಕು ಎಂದು ತಿಳಿದುಕೊಂಡು ನಡೆಯುತ್ತದೆ. ಈ ಅಂಗಡಿಯವರು ಇಟ್ಟಿದ್ದು ಎರಡನೆಯ ಡಿಸ್ಕಿನ ಪಡಿಯಚ್ಚು. ಮೊದಲ ಡಿಸ್ಕಿನದು ಸಿಕ್ಕರೆ ಅದರಲ್ಲಿ ಮಗು ಇರುತ್ತದೆ. ಅಕ್ಕ ಎಲ್ಲ ಕೇಳಿಸಿಕೊಂಡು, ಆ ಅಂಗಡಿಯವರಿಗೆ ಬರೆದು ಕೇಳಬಹುದೇ ಎಂದರು. ಅವರ ಎದುರಿಗೇ ಬರೆದೆ.

ಅಂಗಡಿಯವರು ಒಳ್ಳೆಯ ಜನ. ತಮಗೆ ಹಕ್ಕಿನ ಜೊತೆ ಸಿಕ್ಕದ್ದು ಎರಡನೆಯ ಡಿಸ್ಕು ಮಾತ್ರ, ಮೊದಲನೆಯದೊಂದು ಇತ್ತೆಂದೇ ಗೊತ್ತಿರಲಿಲ್ಲ, ವಿಚಾರಿಸುತ್ತೇವೆ ಎಂದರು. ಹಳೆಯ ಡಿಸ್ಕು ಕೂಡಿಸುವ ಹವ್ಯಾಸದವರಲ್ಲಿ ಕೇಳುತ್ತ ಕೇಳುತ್ತ ಎಷ್ಟೋ ತಿಂಗಳು ಹೋದವು. ಈ ನಡುವೆ ಅಕ್ಕ ಒಮ್ಮೆಯೂ ಫೋನ್ ಮಾಡಿ ಏನಾಯಿತೆಂದು ಕೇಳಲಿಲ್ಲ. ನಾನೇ ಮಾಡಿದರೆ, ಮೊದಲ ಗಂಟೆಗೇ ಎತ್ತುತ್ತಿದ್ದರು.

ಕೊನೆಗೆ ದೂರದ ಊರೊಂದರ ಸಂಗ್ರಾಹಕರ ಬಳಿ ಅದು ಸಿಕ್ಕಿತು. ಅವರು ಅದರ ಪಡಿಯಚ್ಚು ತೆಗೆದು ಅಂಗಡಿಗೆ ಕಳಿಸಿದರು. ಅಂಗಡಿಯವರು ‘ಮೊದಲ ಡಿಸ್ಕಿನ ಮೂಲ ಪಡಿಯಚ್ಚು’ ಎಂದು ಹೆಸರು ಕೊಟ್ಟು, ಆಟ ಕೊಂಡವರೆಲ್ಲ ಇಳಿಸಿಕೊಳ್ಳುವ ಹಾಗೆ ಅದನ್ನೂ ಸೇರಿಸಿದರು.

ನಾನು ಮೊದಲು ಒಬ್ಬನೇ ತೆರೆದು ನೋಡಿದೆ. ಅದು ಅರ್ಧ ಮಾತ್ರ ಇತ್ತು.

ಆ ಕಾಲದ ಆಟದ ಡಿಸ್ಕುಗಳಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಕಂಪ್ಯೂಟರ್ ಓದುವ ಕಡತಗಳು, ಆಮೇಲೆ ಹಾಡಿನ ಸಿ.ಡಿ.ಯಲ್ಲಿ ಇರುವಂಥ ಧ್ವನಿ. ಕಡತದಲ್ಲಿ ಇಟ್ಟರೆ ದನಿಯನ್ನು ಹಿಂಡಿ ಸಣ್ಣದು ಮಾಡಬೇಕಾಗುತ್ತಿತ್ತು, ಅದು ಗೊಗ್ಗರಾಗುತ್ತಿತ್ತು. ಮಗುವಿನ ಮಾತು ಶುದ್ಧವಾಗಿ ಕೇಳಲಿ ಎಂದು ನಾವು ಅದನ್ನು ಎರಡನೆಯ ಭಾಗದಲ್ಲಿ, ಸಂಗೀತದ ಪಕ್ಕದಲ್ಲಿ ಇಟ್ಟಿದ್ದೆವು. ಪಡಿಯಚ್ಚು ತೆಗೆದವರು ಮೊದಲ ಭಾಗವನ್ನಷ್ಟೇ ತೆಗೆದಿದ್ದರು. ಹಾಗಾಗುವುದು ಸಾಮಾನ್ಯ. ಮತ್ತೆ ಕೇಳಿ ಬರೆದಾಗ, ಅವರು ಅಷ್ಟರಲ್ಲಿ ಡಿಸ್ಕನ್ನು ಬೇರೆ ಯಾರಿಗೋ ಮಾರಿಯಾಗಿತ್ತು, ಕೊಂಡವರು ಯಾರೆಂದು ಅವರಿಗೆ ನೆನಪಿರಲಿಲ್ಲ.

ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತ, ಇದ್ದ ಭಾಗದಲ್ಲಿಯೇ ಏನಾದರೂ ಇದೆಯೋ ಎಂದು ಒಂದೊಂದಾಗಿ ತೆರೆದು ನೋಡುತ್ತ ಹೋದೆ. ಕಟ್ಟಕಡೆಗೆ ಆಟಕ್ಕೆ ಸಂಬಂಧವೇ ಇಲ್ಲದ ಒಂದು ಫೋಲ್ಡರು ಸಿಕ್ಕಿತು. ಡಿಸ್ಕು ಅಚ್ಚಿಗೆ ಹೋಗುವ ದಿನದ ಗಡಿಬಿಡಿಯಲ್ಲಿ ಕೆಲಸದ ಕಂಪ್ಯೂಟರಿನಲ್ಲಿದ್ದ ಕಚ್ಚಾ ಕಡತಗಳೂ ಜೊತೆಗೆ ಹೋಗಿಬಿಟ್ಟಿದ್ದವು. ಆಗ ಹೀಗೆ ಎಷ್ಟೋ ಡಿಸ್ಕುಗಳಲ್ಲಿ ಆಗುತ್ತಿತ್ತು. ಅದರಲ್ಲಿ ಕತ್ತರಿಸುವ ಮೊದಲಿನ ರೆಕಾರ್ಡಿಂಗು ಒಂದಿತ್ತು, ಹಿಂಡಿ ಸಣ್ಣದು ಮಾಡಿದ್ದು. ಸುಮಾರು ಕಾಲು ಗಂಟೆಯದು. ಬಹುಶಃ ಕೊನೆಯ ದಿನದ್ದು.

ಮಗು ಒಂದೇ ಇಂಗ್ಲಿಷ್ ಮಾತನ್ನು ಹೇಳುತ್ತದೆ. ಬಾಗಿಲು ತಟ್ಟಿದ ಸದ್ದು. ತಾಯಿಯ ದನಿ, ‘ಇನ್ನೊಮ್ಮೆ ಅನ್ನು ಬಂಗಾರಾ.’ ಮಗು ಮತ್ತೆ ಹೇಳುತ್ತದೆ. ಬಾಗಿಲು. ‘ಇನ್ನೊಮ್ಮೆ.’ ಹೀಗೆಯೇ ಹೋಗುತ್ತದೆ. ಒಂದು ಹಂತದಲ್ಲಿ ಮಗು ನೀರು ಕೇಳುತ್ತದೆ. ಇದೊಂದು ಮುಗಿಯಲಿ ಎನ್ನುತ್ತಾರೆ ತಾಯಿ. ಆಮೇಲೆ ಮಾತಿನ ನಡುವೆ ಮೂಗು ಸೇದುವುದು ಕೇಳಿಸುತ್ತದೆ. ‘ಅವ್ವಾ, ಸಾಕವ್ವಾ. ಸೆಕಿ ಆಗ್ತದ. ಮನಿಗೆ ಹೋಗೂಣು.’ ತಾಯಿ ಮೆತ್ತಗೆ, ‘ಒಂದ ಸಲ. ಇದ ಕಡೀದು. ಚಂದಾಗಿ ಅಂದಬಿಡು,’ ಎನ್ನುತ್ತಾರೆ. ಮಗು ಅಳುವಿನಲ್ಲೇ ಹೇಳುತ್ತದೆ. ಮತ್ತೆ ಬಾಗಿಲು ತಟ್ಟಿದ ಸದ್ದು.

ನಾನು ಎರಡು ವಾರ ಫೋನ್ ಮಾಡಲಿಲ್ಲ. ಇಷ್ಟೇ ಸಿಕ್ಕಿತೆಂದು ಹೇಳುವುದೋ, ಏನೂ ಸಿಗಲಿಲ್ಲವೆಂದು ಹೇಳುವುದೋ ತಿಳಿಯದಾಯಿತು. ನನ್ನ ಹೆಂಡತಿಗೆ ಕೇಳಿಸಿದೆ. ಅವಳು ಅರ್ಧಕ್ಕೇ ಎದ್ದು ಹೋದಳು. ಆಮೇಲೆ ಬಂದು, ಇದು ಆ ತಾಯಿಯ ಸೊತ್ತು, ನಮ್ಮ ಹತ್ತಿರ ಇಟ್ಟುಕೊಳ್ಳಲು ಬರುವುದಿಲ್ಲ ಎಂದಳು. ಅದೂ ನಿಜ. ಅಕ್ಕನನ್ನು ಕರೆದೆ. ಫೋನಿನಲ್ಲೇ ಎಲ್ಲ ಹೇಳಿಬಿಟ್ಟೆ, ಏನಿದೆ, ಏನಿಲ್ಲ, ಕೇಳಲು ಹೇಗಿದೆ ಎಂದು. ಆದರೂ ಬಂದರು.

ಕಾಲು ಗಂಟೆಯನ್ನೂ ಅವರು ಅಲುಗಾಡದೆ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಹೆಡ್‌ಫೋನನ್ನು ಒರೆಸಿ ಮೇಜಿನ ಮೇಲಿಟ್ಟರು. ಮಗಳು ಅತ್ತದ್ದು ತನಗೆ ನೆನಪೇ ಇರಲಿಲ್ಲ ಎಂದರು. ಆ ವಾರ ನಗುತ್ತ ಬರುತ್ತಿದ್ದಳು, ಮನೆಗೆ ಹೋಗುವಾಗ ಐಸ್‌ಕ್ಯಾಂಡಿ ಕೊಡಿಸುತ್ತಿದ್ದೆ, ಅದಷ್ಟೇ ನೆನಪಿದೆ ಎಂದರು. ಆಮೇಲೆ ನನ್ನನ್ನು ಕೇಳಿದರು:

‘ನನ್ನ ದನಿ ತಗದು ಅಕೀದಷ್ಟ ಇಡಾಕ ಬರ್ತದೇನು?’

ಬರುತ್ತದೆ ಎಂದೆ. ನನಗೆ ಗೊತ್ತಿರುವುದು ಅದೊಂದೇ ಕೆಲಸ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ತಾಯಿಯ ಮಾತು, ಬಾಗಿಲ ಸದ್ದು ಎಲ್ಲವನ್ನೂ ಕತ್ತರಿಸಿದೆ. ಆ ಜಾಗಗಳಲ್ಲಿ ಕೋಣೆಯ ಬರಿಯ ಮೌನವನ್ನು ತುಂಬಿದೆ, ಇಲ್ಲದಿದ್ದರೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಮುಗಿಯಿತು. ಹಾಕಿ ಕೇಳಿಸಿದೆ. ಮಗು ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಯಾರೂ ಏನೂ ಹೇಳುವುದಿಲ್ಲ. ಮತ್ತೆ ಅದನ್ನೇ ಹೇಳುತ್ತದೆ. ನೀರು ಬೇಕು ಎನ್ನುತ್ತದೆ. ಯಾರೂ ಇಲ್ಲ. ಅವ್ವಾ ಎನ್ನುತ್ತದೆ, ಯಾರೂ ಓಗೊಡುವುದಿಲ್ಲ.

ಅಕ್ಕ ಕೈ ಚಾಚಿ ತಾವೇ ನಿಲ್ಲಿಸಿದರು. ‘ಬ್ಯಾಡ. ಒಬ್ಬಾಕಿನ ಕುಂತಂಗ ಕೇಳಸ್ತದ. ಮದ್ಲ ಹೆಂಗಿತ್ತು ಹಂಗ ಮಾಡಿಬಿಡು. ನಾ ಇದ್ದೆ ಅಲ್ಲೆ.’

ಮೊದಲಿನದನ್ನೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಕತ್ತರಿಸಿದ್ದನ್ನು ಅವರ ಕಣ್ಣೆದುರೇ ಅಳಿಸಿಹಾಕಿದೆ.

ಯಜಮಾನರಿಗೆ ಈ ಹುಡುಕಾಟ ಯಾವುದೂ ಗೊತ್ತಿರಲಿಲ್ಲ. ಅಕ್ಕ ಕೆಲವು ದಿನ ಬಚ್ಚಿಟ್ಟುಕೊಂಡಿದ್ದು, ಆಮೇಲೆ ತಡೆಯದೆ ಒಂದು ದಿನ ಬೆಳಗಿನ ಚಹಾ ಮುಗಿದ ಮೇಲೆ ಟಿ.ವಿ.ಗೆ ಚುಚ್ಚಿ ಕೇಳಿಸಿದರಂತೆ. ಅದಾದ ಮೇಲಿನ ವಾರ ನಾನು ಹೋದಾಗ ಮನೆಯೊಳಗಿನ ಗಾಳಿ ಬೇರೆಯಾಗಿತ್ತು. ಅಕ್ಕ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಯಜಮಾನರು ನನ್ನನ್ನು ಗ್ಯಾಲರಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದರು. ತುಂಬ ಹೊತ್ತು ಕೆಳಗಿನ ರಸ್ತೆ ನೋಡುತ್ತ ಕೂತರು. ಅವರಿಗೆ ಸಿಟ್ಟು ಬಂದಿರಬಹುದೆಂದು ನಾನು ತಯಾರಾಗಿದ್ದೆ. ಸಿಟ್ಟಿರಲಿಲ್ಲ.

‘ನೀವು ಕಷ್ಟಪಟ್ಟು ಹುಡುಕೀರಿ, ಅದರಾಗ ಮಾತಿಲ್ಲ,’ ಎಂದರು. ‘ಆದ್ರ ನನಗ ಫೋಟೋ ಸಾಕಾಗಿತ್ರಿ. ಫೋಟೋದಾಗ ಅಕಿ ನಗತಾಳ. ಇದರಾಗ ದಣದಾಳ.’

ಅವರು ಮುಂದುವರಿದು, ತಾವು ಆ ರಜೆಯಲ್ಲಿ ಮಗುವನ್ನು ಬೆಳಗಾವಿಗೆ ಅಜ್ಜಿಯ ಮನೆಗೆ ಕಳಿಸೋಣ ಎಂದಿದ್ದನ್ನು ಹೇಳಿದರು. ಹೆಂಡತಿಯ ಮೇಲೆ ದೂರು ಹೇಳುವ ದನಿಯಲ್ಲ ಅದು. ನಡೆದದ್ದನ್ನು ನಡೆದಂತೆ ಹೇಳಿದರು. ಆದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ಆ ಮೇಲೆ ಅವರಿಬ್ಬರ ನಡುವೆ ಒಂದು ರೂಢಿ ಬಿತ್ತು. ಯಜಮಾನರು ಸಂಜೆ ತರಕಾರಿಗೆಂದು ಪೇಟೆಗೆ ಹೋದಾಗ ಅಕ್ಕ ಕೇಳುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಹೋಗುವಾಗ ಹೋಗಿಬರುತ್ತೇನೆ ಎಂದು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದರು, ಬರುವಾಗ ಕೀಲಿ ಇದ್ದರೂ ಗಂಟೆ ಒತ್ತುತ್ತಿದ್ದರು. ಊಟ, ಔಷಧ, ನೆಂಟರ ಮದುವೆಮುಂಜಿ ಎಲ್ಲ ಎಂದಿನಂತೆ. ಮಗಳ ಹೆಸರು ಮಾತ್ರ ಆ ಮನೆಯಲ್ಲಿ ಮೊದಲಿಗಿಂತಲೂ ಕಡಿಮೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಒಂದು ತರಹ. ಆದರೆ ಆ ಪಡಿಯಚ್ಚು ನಮ್ಮ ಹತ್ತಿರ ಮಾತ್ರ ಇದ್ದದ್ದಲ್ಲ. ಆಟ ಕೊಂಡ ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಹಳೆಯ ಡಿಸ್ಕಿನ ಮೂಲೆಮೂಲೆ ಕೆದಕುವುದೇ ಒಂದು ಹವ್ಯಾಸವಾದ ಜನರಿದ್ದಾರೆ. ಅವರಲ್ಲಿ ಯಾರೋ ಒಬ್ಬರು ಆ ಕಚ್ಚಾ ರೆಕಾರ್ಡಿಂಗನ್ನು ಕಂಡುಹಿಡಿದು, ಅದರ ಒಂದು ತುಂಡನ್ನು ಕತ್ತರಿಸಿ, ಕಪ್ಪು ಪರದೆಯ ಮೇಲೆ ಬಾವಿಯ ಚಿತ್ರ ಹಾಕಿ ಅಂತರ್ಜಾಲಕ್ಕೆ ಬಿಟ್ಟರು. ಗುರುತಿಲ್ಲದ ಭಾಷೆಯಲ್ಲಿ ಅಳುವ ಮಗು, ಹೊರಗಿನಿಂದ ಬಾಗಿಲು ತಟ್ಟುವ ಯಾರೋ, ಪಿಸುಗುಡುವ ಹೆಂಗಸು. ಆಟಕ್ಕೆ ದೆವ್ವ ಹಿಡಿದಿದೆ ಎಂದು ಕೆಲವರು. ಮಗುವನ್ನು ಯಾರೋ ಕೂಡಿಹಾಕಿದ್ದರು ಎಂದು ಕೆಲವರು. ನಗುವವರು ನಗುತ್ತಿದ್ದರು. ಹಿಮ್ಮುಖವಾಗಿ ಓಡಿಸಿ ಬೇರೆ ಅರ್ಥ ತೆಗೆದವರೂ ಇದ್ದರು.

ನಾನು ಅದರ ಕೆಳಗೆ ಬರೆದೆ. ಈ ಭಾಷೆ ಕನ್ನಡ, ಮಗು ಹೇಳುತ್ತಿರುವುದು ‘ಅಮ್ಮಾ ಸಾಕು, ಮನೆಗೆ ಹೋಗೋಣ’ ಎಂದು, ಜೊತೆಗಿರುವವರು ಅದರ ತಾಯಿ, ಆ ಮಗು ಈಗ ಇಲ್ಲ, ದಯವಿಟ್ಟು ತೆಗೆಯಿರಿ ಎಂದು. ಮಗು ಈಗ ಇಲ್ಲ ಎನ್ನುವ ಮಾತೊಂದೇ ಅವರಿಗೆ ಕಂಡಿತು. ಮಾರನೆಯ ದಿನ ನೋಡುವವರು ಇಮ್ಮಡಿಯಾಗಿದ್ದರು. ನಾನು ಬರೆದದ್ದನ್ನು ಅಳಿಸಿದೆ, ಆದರೆ ಅಷ್ಟರಲ್ಲಿ ಅದರ ಚಿತ್ರ ತೆಗೆದು ಹಂಚಿಯಾಗಿತ್ತು.

ಅಂಗಡಿಯವರೇ ನನಗೆ ಬರೆದರು. ಅವರಿಗೆ ಬೇಸರವಾಗಿತ್ತು. ತಾಯಿ ಹೇಳಿದರೆ ಆ ರೆಕಾರ್ಡಿಂಗನ್ನು ಪಡಿಯಚ್ಚಿನಿಂದ ತೆಗೆದುಬಿಡುತ್ತೇವೆ ಎಂದರು. ಇನ್ನು ಅಕ್ಕನಿಂದ ಮುಚ್ಚಿಡುವ ಹಾಗಿರಲಿಲ್ಲ. ಹೋಗಿ ಕೂತು ಎಲ್ಲ ಹೇಳಿದೆ. ಯಜಮಾನರೂ ಎದುರಿಗೇ ಇದ್ದರು. ಅಕ್ಕನಿಗೆ ದೆವ್ವದ ಮಾತು ಒಂದು ಸಲಕ್ಕೆ ತಿಳಿಯಲಿಲ್ಲ, ಎರಡನೆಯ ಸಲ ಬಿಡಿಸಿ ಹೇಳಬೇಕಾಯಿತು. ತಿಳಿದ ಮೇಲೆ ಅವರು ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು.

ಅವರು ಏನಾದರೂ ಹೇಳುವ ಮೊದಲು ಯಜಮಾನರೇ ಹೇಳಿದರು, ‘ತಗಸ್ರಿ. ಇವತ್ತ ತಗಸ್ರಿ.’

ಅಕ್ಕ ಅವರ ಮುಖ ನೋಡಿ ತಲೆಯಾಡಿಸಿದರು. ಆ ರೆಕಾರ್ಡಿಂಗಿನ ವಿಷಯದಲ್ಲಿ ಅವರಿಬ್ಬರು ಒಂದಾದದ್ದನ್ನು ನಾನು ಕಂಡದ್ದು ಅದೊಂದು ಸಲ.

ಅಂಗಡಿಯವರು ತೆಗೆದರು. ಆಗ ಬೇರೆ ಜಗಳ ಶುರುವಾಯಿತು. ಮೂಲ ಪಡಿಯಚ್ಚು ಎಂದು ಹೆಸರು ಕೊಟ್ಟು ಅದರಲ್ಲಿ ಕೈಯಾಡಿಸಬಾರದು, ಒಂದು ಅಕ್ಷರ ಬದಲಾದರೂ ಅದು ಮೂಲವಲ್ಲ ಎಂದು ಸಂಗ್ರಾಹಕರು ಮುನಿದುಕೊಂಡರು. ಅವರ ಮಾತೂ ಸುಳ್ಳಲ್ಲ. ಬೇರೆ ಯಾವ ಆಟದ ವಿಷಯಕ್ಕಾದರೂ ನಾನು ಅವರ ಪಕ್ಷವೇ ಹಿಡಿಯುತ್ತಿದ್ದೆ. ಕೊನೆಗೆ ಆ ಸಣ್ಣ ಅಂಗಡಿಗೆ ಸಾಕಾಗಿ, ಮೊದಲ ಡಿಸ್ಕಿನ ಪಡಿಯಚ್ಚನ್ನೇ ಪೂರ್ತಿಯಾಗಿ ತೆಗೆದುಹಾಕಿದರು. ಈಗ ಆಟ ಕೊಂಡರೆ ಸಿಗುವುದು ಎರಡನೆಯ ಡಿಸ್ಕಿನದು ಮಾತ್ರ.

ಹೋದ ದೀಪಾವಳಿಗೆ ಬಿಬವೇವಾಡಿಗೆ ಹೋದಾಗ ಈ ಕೊನೆಯ ಸುದ್ದಿ ತಿಳಿಸಿದೆ. ಯಜಮಾನರು ಒಳಗೆ ಮಲಗಿದ್ದರು. ಈಚೆಗೆ ಅವರಿಗೆ ಉಸಿರಾಟದ ತೊಂದರೆ, ಪೇಟೆಗೆ ಹೋಗುವುದು ನಿಂತಿದೆ. ಅವರು ಮನೆ ಬಿಟ್ಟು ಕದಲದಿರುವುದರಿಂದ ಅಕ್ಕನೂ ಕೇಳುವುದನ್ನು ಬಿಟ್ಟಿದ್ದರು. ನಾನು ತಂದುಕೊಟ್ಟ ಹೆಡ್‌ಫೋನು ಪೆಟ್ಟಿಗೆಯಲ್ಲೇ ಇತ್ತು. ಕಿವಿಗೆ ಹಾಕಿಕೊಂಡರೆ ಅವರು ಕರೆದದ್ದು ಕೇಳಿಸುವುದಿಲ್ಲವಲ್ಲ ಎಂದರು.

ಆಮೇಲೆ ಕೇಳಿದರು, ‘ಮದ್ಲ ಇಳಿಸಿಕೊಂಡಿದ್ರಲ್ಲ, ಅವರ ಹತ್ರ ಅದ ಇನ್ನೂ?’

ಇರುತ್ತದೆ ಎಂದೆ. ಅದನ್ನು ಯಾರೂ ಹಿಂದಕ್ಕೆ ತರಲು ಬರುವುದಿಲ್ಲ ಎಂದೂ ಹೇಳಿದೆ. ಇಳಿಸಿಕೊಂಡವರಲ್ಲಿ ಕನ್ನಡದವರು ಯಾರಾದರೂ ಇರಬಹುದೇ ಎಂದು ಕೇಳಿದರು. ಗೊತ್ತಿಲ್ಲ, ಇದ್ದರೂ ಇರಬಹುದು ಎಂದೆ.

‘ಇದ್ರ ಚೊಲೊ,’ ಎಂದರು ಅಕ್ಕ. ಒಳಗಿನಿಂದ ಯಜಮಾನರು ಕೆಮ್ಮಿ ನೀರು ಕೇಳಿದರು. ಅವರು ಎದ್ದು ಹೋದರು.